ಗೋಡೆಗೆ ಬಿಗಿದ ಸ್ಟ್ಯಾಂಡು

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಯಾರೂ ನಡೆಯುತ್ತಿರಲಿಲ್ಲ, ಜಾರುತ್ತಿದ್ದೆವು. ಹೆಜ್ಜೆ ಎತ್ತಿ ಇಟ್ಟರೆ ಸದ್ದಾಗುತ್ತದೆ. ಅದಕ್ಕೇ ಅಂಗಾಲನ್ನು ಶಹಾಬಾದಿ ಕಲ್ಲಿನ ಮೇಲೆ ಎಳೆದುಕೊಂಡು ಮುಂದಿನ ಕೋಣೆಯಿಂದ ಅಡಿಗೆಮನೆಗೆ, ಅಡಿಗೆಮನೆಯಿಂದ ಹಿತ್ತಿಲ ನಳದವರೆಗೆ ಹೋಗಿಬರುವುದು ಅವ್ವನಿಗೂ ನನಗೂ ರೂಢಿಯಾಗಿತ್ತು. ಮನೆ ಎಂದರೆ ಅವೆರಡೇ ಕೋಣೆ. ಹೈದರಾಬಾದಿನ ಬೇಗಂಪೇಟೆಯ ವಿಮಾನ ನಿಲ್ದಾಣದ ಹಿಂದಿದ್ದ ಕಾರ್ಖಾನೆ ಕ್ವಾರ್ಟರ್ಸು ಅದು. ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಬೆನ್ನು ಕೊಟ್ಟು ನಿಂತ ಸಾಲು. ಅಪ್ಪ ಬಿಜಾಪುರದ ಕಡೆಯಿಂದ ಬಂದು ಅಲ್ಲಿ ಫಿಟ್ಟರ್ ಆಗಿದ್ದ. ನಾನು ಒಬ್ಬಳೇ ಮಗಳು. ಮುಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ದೊಡ್ಡ ತಗಡಿನ ಟ್ರಂಕು, ಆ ಟ್ರಂಕಿನ ಮೇಲೆ ಅಪ್ಪನ ಜೀವ. ಜೀವ ಎಂದರೆ ಅಬಿಡ್ಸಿನ ಫುಟ್‌ಪಾತಿನಲ್ಲಿ ಚೌಕಾಶಿ ಮಾಡಿ ತಂದ ಹಳೆಯ ರೆಕಾರ್ಡ್ ಪ್ಲೇಯರು, ಅವನೇ ಕೂತು ಬೆಸುಗೆ ಹಾಕಿ ಜೋಡಿಸಿದ ಆಂಪ್ಲಿಫೈಯರು, ಒಂದು ಕ್ಯಾಸೆಟ್ ಡೆಕ್ಕು. ಎರಡು ಸ್ಪೀಕರುಗಳು ಮಂಚದ ಎರಡು ಬದಿಗೆ ನಿಂತಿರುತ್ತಿದ್ದವು. ನಮ್ಮ ಬಳಿ ಕುರ್ಚಿ ಇರಲಿಲ್ಲ.

ಟ್ರಂಕಿನ ಮುಚ್ಚಳ ನಡುವೆ ಸ್ವಲ್ಪ ತಗ್ಗಾಗಿತ್ತು. ಯಾರಾದರೂ ಹತ್ತಿರ ಹೆಜ್ಜೆ ಊರಿದರೆ ತಗಡು ‘ಟಪ್’ ಎಂದು ಒಳಗೆ ಹೋಗಿ ಹೊರಗೆ ಬರುತ್ತಿತ್ತು, ರೆಕಾರ್ಡಿನ ಮೇಲಿನ ಮುಳ್ಳು ಹಾರುತ್ತಿತ್ತು, ಹಾಡುವವರ ಆಲಾಪ ನಡುವೆಯೇ ಮುರಿದು ಇನ್ನೆಲ್ಲೋ ಶುರುವಾಗುತ್ತಿತ್ತು. ಅದರ ಹಿಂದೆಯೇ ಅಪ್ಪನ ಕೈ ಬರುತ್ತಿತ್ತು. ಅಪ್ಪ ಹೊಡೆಯುತ್ತಿದ್ದ. ಈ ಎರಡು ಶಬ್ದ ಬರೆಯಲು ನನಗೆ ಅರವತ್ತು ದಾಟಬೇಕಾಯಿತು. ಸಿಟ್ಟಿನ ಮನುಷ್ಯ, ಆದರೆ ಮನಸ್ಸು ಬೆಣ್ಣೆ ಎಂದು ಸಂಬಂಧಿಕರು ಹೇಳುತ್ತಿದ್ದುದನ್ನೇ ನಾನೂ ಬಹಳ ವರ್ಷ ಹೇಳಿಕೊಂಡು ಬಂದೆ. ಮನಸ್ಸು ಬೆಣ್ಣೆಯೋ ಏನೋ, ಕೈ ಮಾತ್ರ ಕಬ್ಬಿಣ. ದಿನವಿಡೀ ಅರ ಹಿಡಿದು ಉಕ್ಕು ಉಜ್ಜಿದ ಕೈ ಅದು. ಅವ್ವನ ಬೆನ್ನಿನ ಮೇಲೆ ಬಿದ್ದರೆ ಬೆರಳು ಎಣಿಸಬಹುದಾಗಿತ್ತು.

ವಿಮಾನಗಳು ನಮ್ಮ ಮನೆಯ ತಲೆಯ ಮೇಲೆಯೇ ಇಳಿಯುತ್ತಿದ್ದವು. ಕಿಟಕಿಯ ಗಾಜು ನಡುಗುತ್ತಿತ್ತು, ಟ್ರಂಕು ನಡುಗುತ್ತಿತ್ತು, ಮುಳ್ಳು ಹಾರುತ್ತಿತ್ತು. ಆಗ ಅಪ್ಪ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ವಿಮಾನ ಹೋಗುವವರೆಗೆ ಸಮಾಧಾನದಿಂದ ಕಾಯುತ್ತಿದ್ದ. ಒಂದು ದಿನವೂ ಆಕಾಶಕ್ಕೆ ಮುಷ್ಟಿ ತೋರಿಸಲಿಲ್ಲ. ಅವನ ಸಿಟ್ಟಿಗೆ ಕೈಗೆ ಸಿಗುವವರು ಯಾರು, ಸಿಗದವರು ಯಾರು ಎಂಬುದು ಚೆನ್ನಾಗಿ ಗೊತ್ತಿತ್ತು. ಇದು ನನಗೆ ಹನ್ನೊಂದನೆಯ ವಯಸ್ಸಿಗೇ ಕಂಡಿತ್ತು, ಆದರೆ ಕಂಡದ್ದನ್ನು ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಹೆಜ್ಜೆಯನ್ನೇನೋ ಜಾರಿಸಬಹುದು. ಜೋಳದ ರೊಟ್ಟಿಯನ್ನು ಏನು ಮಾಡುವುದು? ಅಡಿಗೆಮನೆಗೂ ಮುಂದಿನ ಕೋಣೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳನೆಯ ಗೋಡೆ. ಅದಕ್ಕೆ ಒತ್ತಿ ಅಡಿಗೆಯ ಕಲ್ಲಿನ ಕಟ್ಟೆ. ಅವ್ವ ನಿಂತುಕೊಂಡು ಆ ಕಟ್ಟೆಯ ಮೇಲೆಯೇ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ನಾದಿ, ಉಂಡೆ ಕಟ್ಟಿ, ಅಂಗೈ ಅಗಲಿಸಿ ಪಟಪಟನೆ ಬಡಿದರೆ ರೊಟ್ಟಿ ತಾನೇ ತಿರುಗುತ್ತ ದೊಡ್ಡದಾಗುತ್ತಿತ್ತು. ಅಪ್ಪನಿಗೆ ಬಡಿದ ರೊಟ್ಟಿಯೇ ಬೇಕು, ಲಟ್ಟಣಿಗೆಯದು ಆಗದು. ಬಿಸಿಯಾಗಿಯೇ ಬೇಕು, ತಟ್ಟೆಗೆ ಒಂದೊಂದಾಗಿ ಬೀಳಬೇಕು. ಹಾಗೆಯೇ ಹಾಡೂ ಬೇಕು. ಒಮ್ಮೆ ಅವ್ವ ಕೇಳಿಯೇ ಬಿಟ್ಟಳು.

“ನೀವ ಬಿಸಿ ರೊಟ್ಟಿ ಬೇಕಂತೀರಿ. ಸಪ್ಪಳಿಲ್ಲದ ರೊಟ್ಟಿ ಹೆಂಗ ಆಗ್ತಾವ್ರಿ?”

“ನನಗ ಎದುರು ಮಾತಾಡ್ತಿ?”

ಅಂದು ಅಪ್ಪ ಅವ್ವನ ಜಡೆ ಹಿಡಿದು ಅವಳ ಹಣೆಯನ್ನು ಅದೇ ಕಟ್ಟೆಗೆ ಬಡಿದ. ಒಲೆಯ ಮೇಲಿನ ರೊಟ್ಟಿ ಕರಿಯಾಗುವವರೆಗೂ ಬಡಿದ. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದೆ. ಹೊರಗಿನ ಬಾಗಿಲು ಬಡಿದ ಸದ್ದು ಕೇಳಿ ಅಪ್ಪ ಕೈ ಬಿಟ್ಟ. ಪಕ್ಕದ ಮನೆಯ ಲಕ್ಷ್ಮಮ್ಮ ನಿಂತಿದ್ದಳು. ತೆಲುಗಿನವಳು, ಅವಳ ಗಂಡ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರನಾಗಿದ್ದ. ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಬಾಗಿಲನ್ನು ಒಂದು ಗೇಣು ತೆರೆದಳು.

“ಏಮೈಂದಿ ವದಿನಾ?” ಏನಾಯಿತು ಅತ್ತಿಗೆ ಎಂದು ಲಕ್ಷ್ಮಮ್ಮ ಕೇಳಿದಳು.

“ಏಂ ಲೇದು ಲಕ್ಷ್ಮಮ್ಮಗಾರೂ, ಜೊನ್ನ ರೊಟ್ಟೆಲು ಚೇಸ್ತುನ್ನಾ.”

ಏನೂ ಇಲ್ಲ, ಜೋಳದ ರೊಟ್ಟಿ ಮಾಡುತ್ತಿದ್ದೇನೆ. ಅವ್ವನಿಗೆ ಬರುತ್ತಿದ್ದ ತೆಲುಗಿನಲ್ಲಿ ತಪ್ಪಿಲ್ಲದೆ ಹೇಳುತ್ತಿದ್ದ ವಾಕ್ಯ ಇದೊಂದೇ. ಅಷ್ಟು ಸಲ ಹೇಳಿದ್ದಳು. ಲಕ್ಷ್ಮಮ್ಮನ ಮನೆಯಲ್ಲೂ ಜೋಳದ ರೊಟ್ಟಿಯೇ. ರೊಟ್ಟಿಯ ಸದ್ದು ಹೇಗಿರುತ್ತದೆ, ಎಲ್ಲಿ ನಿಂತು ಎಲ್ಲಿ ಮತ್ತೆ ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಆದರೂ ಪ್ರತಿ ಸಲ “ಸರೇ” ಎಂದು ಹೊರಟುಹೋಗುತ್ತಿದ್ದಳು. ನನಗೆ ಅವಳ ಮೇಲೆ ಅಪ್ಪನಿಗಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

ಆ ಬೇಸಿಗೆಯಲ್ಲಿ ಅಪ್ಪನಿಗೆ ಸ್ಟ್ಯಾಂಡು ಮಾಡುವ ಯೋಚನೆ ಬಂತು. ಅಂಗಡಿಯಲ್ಲಿ ಅಂಥದ್ದು ಸಿಗುತ್ತಿತ್ತು, ಆದರೆ ಅದರ ಬೆಲೆಗೆ ಇನ್ನೊಂದು ಪ್ಲೇಯರೇ ಬರುತ್ತಿತ್ತಂತೆ. ಕಾರ್ಖಾನೆಗೆ ಯಂತ್ರಗಳು ಬಂದ ಖೋಕಾಗಳ, ಅಂದರೆ ಮರದ ಪೆಟ್ಟಿಗೆಗಳ, ಹಲಗೆಯನ್ನು ನೌಕರರಿಗೆ ಅಗ್ಗಕ್ಕೆ ಕೊಡುತ್ತಿದ್ದರು. ಅಪ್ಪ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ತಂದ. ಗುಜರಿಯಿಂದ ಉದ್ದಕ್ಕೂ ತಿರುಪಿನ ಗೆರೆ ಕೊರೆದ ಕಬ್ಬಿಣದ ರಾಡುಗಳನ್ನು ತಂದು, ನನ್ನ ಎದೆಮಟ್ಟಕ್ಕೆ ಬರುವಂತೆ ಐದು ತುಂಡು ಮಾಡಿದ. ಕಾಲಿಗೆ ನಾಲ್ಕು, ಹೆಚ್ಚಿಗೆ ಒಂದು. ನಾಲ್ಕು ರಾಡು ನೆಟ್ಟಗೆ ನಿಲ್ಲಿಸಿ, ಹಲಗೆಗಳ ಮೂಲೆಗೆ ರಂಧ್ರ ಕೊರೆದು ಅದರೊಳಗೆ ತೂರಿಸಿ, ಪ್ರತಿ ಹಲಗೆಯ ಕೆಳಗೊಂದು ಮೇಲೊಂದು ನಟ್ಟು ಬಿಗಿದರೆ ಆಯಿತು. ಅಂತಸ್ತನ್ನು ಬೇಕಾದ ಎತ್ತರಕ್ಕೆ ಏರಿಸಬಹುದು, ಇಳಿಸಬಹುದು. ನೆಲದ ಅದುರು ಮೇಲಕ್ಕೆ ಬರಬಾರದೆಂದು ಕಾಲುಗಳ ಕೆಳಗೆ ರಬ್ಬರು ಬೇಕಿತ್ತು. ಬಾಗಿಲ ಬಳಿ ಇದ್ದ ಅವ್ವನ ಹವಾಯಿ ಚಪ್ಪಲಿಯನ್ನು ಅಪ್ಪ ಹೇಳದೆ ಕೇಳದೆ ಎತ್ತಿಕೊಂಡು ನಾಲ್ಕು ಚೌಕ ಕತ್ತರಿಸಿದ. ಆ ತಿಂಗಳೆಲ್ಲ ಅವ್ವ ಬರಿಗಾಲಲ್ಲಿ ರೇಷನ್ನಿಗೆ ಹೋಗಿಬಂದಳು, ಹೈದರಾಬಾದಿನ ಬಿಸಿಲಲ್ಲಿ. ಆದರೂ ಬಾಯಿ ಬಿಡಲಿಲ್ಲ, ಯಾಕೆಂದರೆ ಆ ತಿಂಗಳು ಮನೆಯಲ್ಲಿ ಏಟು ಬಿದ್ದಿರಲಿಲ್ಲ.

ಹೌದು, ಒಂದೂ ಬಿದ್ದಿರಲಿಲ್ಲ. ಕಾರ್ಖಾನೆಯಿಂದ ಬಂದವನೇ ಅಪ್ಪ ಲುಂಗಿ ಸುತ್ತಿ, ಹಿತ್ತಿಲಲ್ಲಿ ಹಲಗೆ ಹರಡಿ, “ಗಿರಿಜವ್ವಾ” ಎಂದು ಕರೆಯುತ್ತಿದ್ದ. ಸಿಟ್ಟಿನಲ್ಲಿ ನಾನು ಗಿರಿಜಿ, ಖುಷಿಯಲ್ಲಿ ಗಿರಿಜವ್ವ. ರಂದ ಹೊಡೆದು ಹಲಗೆ ನುಣುಪು ಮಾಡುವುದು, ಉಸುಕಿನ ಕಾಗದದಿಂದ ನಾರಿನ ದಿಕ್ಕಿಗೆ ಮಾತ್ರ ಉಜ್ಜುವುದು, ಪಾನಾ ಹಿಡಿದು ನಟ್ಟನ್ನು ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲವನ್ನೂ ಅವನೇ ನನ್ನ ಕೈ ಹಿಡಿದು ಕಲಿಸಿದ. ಔಷಧಿಯ ಬಾಟಲಿಗೆ ಮುಕ್ಕಾಲು ನೀರು ತುಂಬಿ ಹಲಗೆಯ ಮೇಲೆ ಅಡ್ಡ ಮಲಗಿಸಿ, ಗುಳ್ಳೆ ನಡುವೆ ಬರುವವರೆಗೆ ನಟ್ಟು ತಿರುಗಿಸಬೇಕಿತ್ತು. ನಾನು ಉಸಿರು ಹಿಡಿದು ತಿರುಗಿಸುತ್ತಿದ್ದೆ. ಮುಂದೆ ನಾನು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗ ಹುಡುಗಿಯರಿಗೆ ಇದನ್ನೇ ಕಲಿಸಿ ಹೊಟ್ಟೆ ಹೊರೆದೆ. ನನಗೆ ಅನ್ನ ಕೊಟ್ಟ ವಿದ್ಯೆ ನನ್ನನ್ನು ಹೊಡೆದ ಕೈಯಿಂದಲೇ ಬಂತು. ಇದನ್ನು ನುಂಗುವುದು ಈಗಲೂ ಸುಲಭವಲ್ಲ.

ಒಂದು ಸಂಜೆ ಹಲಗೆಯಲ್ಲಿ ಸಿಕ್ಕಿಕೊಂಡಿದ್ದ ರಾಡನ್ನು ಇಳಿಸಲು ನಾನು ಅದರ ತಲೆಯ ಮೇಲೆ ನೇರವಾಗಿ ಸುತ್ತಿಗೆಯಿಂದ ಹೊಡೆದೆ. ತಿರುಪಿನ ಗೆರೆಗಳೆಲ್ಲ ಚಪ್ಪಟೆಯಾದವು. ನಟ್ಟು ಹತ್ತಲೇ ಇಲ್ಲ. ಸುತ್ತಿಗೆ ಕೆಳಗಿಟ್ಟು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಕ್ಕರಿಸಿದೆ. ಅಪ್ಪ ರಾಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ, ಆಮೇಲೆ ನಕ್ಕ.

“ಏಳು ಗಿರಿಜವ್ವ. ಫಿಟ್ಟರ್ ಆಗಾಕ ಒಂದು ರಾಡರೆ ಕೆಡಿಸಬೇಕು. ನಾನೂ ಕೆಡಿಸೀನಿ. ಹೆಚ್ಚಿಂದು ಐತಿ, ತಗೊಂಡು ಬಾ.”

ಕೆಟ್ಟ ರಾಡನ್ನು ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ಒರಗಿಸಿದ. ಅಂದು ನನ್ನ ತಲೆಯಲ್ಲಿ ಒಂದು ನಂಬಿಕೆ ಕೂತುಬಿಟ್ಟಿತು. ಈ ಸ್ಟ್ಯಾಂಡು ನೆಟ್ಟಗೆ ನಿಂತರೆ ಮುಳ್ಳು ಹಾರುವುದಿಲ್ಲ, ಮುಳ್ಳು ಹಾರದಿದ್ದರೆ ಅಪ್ಪ ಇನ್ನು ಅವ್ವನನ್ನು ಹೊಡೆಯುವುದಿಲ್ಲ. ದೇವರ ಮುಂದೆ ಕೈ ಮುಗಿದಾಗಲೂ ನಾನು ಕೇಳಿಕೊಳ್ಳುತ್ತಿದ್ದುದು ಸ್ಟ್ಯಾಂಡಿನ ಕ್ಷೇಮವನ್ನೇ.

ಸ್ಟ್ಯಾಂಡು ಎದ್ದು ನಿಂತಿತು. ನೋಡಲು ಚೆಂದವಾಗಿತ್ತು, ಆದರೆ ಮುಟ್ಟಿದರೆ ತೂಗುತ್ತಿತ್ತು. ಚಪ್ಪಲಿಯ ರಬ್ಬರಿನ ಮೇಲೆ ನಿಂತದ್ದು, ರಾಡೂ ಸಪೂರ. ತೂಗಿದರೆ ತೂಗಲಿ, ಅದುರುವುದಿಲ್ಲವಲ್ಲ. ಆದರೆ ಅಪ್ಪ ಫಿಟ್ಟರು, ಅವನ ಕಣ್ಣಿಗೆ ಅಲುಗಾಡುವ ವಸ್ತು ಎಂದರೆ ಕೆಟ್ಟ ಕೆಲಸ. ಶನಿವಾರ ಸಂಜೆ ಎರಡು ಕಬ್ಬಿಣದ ಪಟ್ಟಿ ಬಗ್ಗಿಸಿ ತಂದ. ಸ್ಟ್ಯಾಂಡನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಗೋಡೆಯಲ್ಲಿ ರಂಧ್ರ ಕೊರೆದು, ಮರದ ಗೂಟ ಬಡಿದು, ಪಟ್ಟಿಗಳನ್ನು ತಿರುಪಿನಿಂದ ಬಿಗಿದ. ಮಂಚದ ಎದುರಿಗೆ ಸರಿಯಾಗಿ ಬರುತ್ತದೆಂದು ಅವನು ಆರಿಸಿದ್ದು ಅಡಿಗೆಮನೆಯ ಗೋಡೆಯನ್ನು. ನಾನು ಗೂಟ ಹಿಡಿದುಕೊಂಡು ಎಡ ಅಂಗೈಯನ್ನು ಗೋಡೆಗೆ ಊರಿ ನಿಂತಿದ್ದೆ. ಆಚೆ ಅವ್ವ ರಾತ್ರಿಯ ಊಟಕ್ಕೆ ರೊಟ್ಟಿ ಶುರು ಮಾಡಿದಳು. ಆ ಬಡಿತ ಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ನನ್ನ ಅಂಗೈಗೆ ನಾಡಿಯಂತೆ ಬಂತು. ಇನ್ನೊಂದು ಕೈಯಿಂದ ಸ್ಟ್ಯಾಂಡಿನ ಹಲಗೆ ಮುಟ್ಟಿ ನೋಡಿದೆ. ಅಲ್ಲಿಗೂ ಬಂದಿತ್ತು. ನನಗೆ ಗೊತ್ತಾಯಿತು. ಅಪ್ಪ ಗುಂಯ್‌ಗುಡುತ್ತ ಕೊನೆಯ ತಿರುಪನ್ನು ಬಿಗಿಯುತ್ತಿದ್ದ. ಅಷ್ಟು ಖುಷಿಯಾಗಿದ್ದವನಿಗೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಜೀವನದಲ್ಲಿ ನಾನು ನುಂಗಿದ ಮಾತುಗಳಲ್ಲಿ ಇಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ.

ಮರುದಿನ ಭಾನುವಾರ. ಸ್ಟ್ಯಾಂಡು ನೋಡಲು, ಹಾಡು ಕೇಳಲು, ಊಟ ಮಾಡಲು ಅಪ್ಪ ಕಾರ್ಖಾನೆಯ ಮೂವರು ಗೆಳೆಯರನ್ನು ಕರೆದಿದ್ದ. ಅವರಲ್ಲಿ ಬಿರಾದಾರ ಕಾಕಾ ನಮ್ಮ ಕಡೆಯವನು, ಬಾಯಿ ಜೋರು, ಅವ್ವನನ್ನು ವೈನಿ ಎಂದು ಕರೆಯುತ್ತಿದ್ದ. ಅವ್ವ ಸ್ಟ್ಯಾಂಡಿಗೆ ವಿಭೂತಿ ಹಚ್ಚಿ ಹೂವು ಏರಿಸಿದಳು. ನಾಲ್ವರೂ ಮಂಚದ ಮೇಲೆ ಸಾಲಾಗಿ ಕೂತರು. ಅಪ್ಪ ತೋಡಿ ರಾಗದ ರೆಕಾರ್ಡನ್ನು ಬಟ್ಟೆಯಿಂದ ಒರೆಸಿ, ಮುಳ್ಳನ್ನು ಎರಡು ಬೆರಳಲ್ಲಿ ಹಿಡಿದು ಇಳಿಸಿದ. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಬಿರಾದಾರ ಕಾಕಾ ಬೇಕೆಂದೇ ನೆಲಕ್ಕೆ ಕಾಲು ಬಡಿದು ನೋಡಿದ, ಮುಳ್ಳು ಮಿಸುಕಲಿಲ್ಲ. ಅಪ್ಪನ ಮುಖ ನೋಡಬೇಕಿತ್ತು. ನಾನು ಅಡಿಗೆಮನೆಗೆ ಜಾರಿಕೊಂಡು ಹೋಗಿ ಅವ್ವನ ಸೆರಗು ಹಿಡಿದೆ.

“ಅವ್ವಾ, ಈಗ ರೊಟ್ಟಿ ಮಾಡಬ್ಯಾಡ.”

“ಹುಚ್ಚಿ, ಮಂದಿ ಉಣ್ಣಾಕ ಕುಂತಾರ. ಏನು ಬರೀ ಅನ್ನ ಹಾಕಿ ಕಳಸಲಿ? ನಿಮ್ಮಪ್ಪ ಸುಮ್ಮನಿರ್ತಾನ?”

ಅವ್ವ ಮೊದಲ ಉಂಡೆಯನ್ನು ಕಟ್ಟೆಯ ಮೇಲಿಟ್ಟು ಅಂಗೈ ಅಗಲಿಸಿದಳು. ಗೋಡೆಯಾಚೆ ಆಲಾಪ ಚೂರುಚೂರಾಯಿತು. ಒಂದು ಸ್ವರ, ಕರ್ರ್ ಎಂಬ ಗೀರು, ಇನ್ನೊಂದು ಸ್ವರ, ಮತ್ತೆ ಗೀರು. ಮಂಚದ ಮೇಲೆ ನಗು ಎದ್ದಿತು. ಬಿರಾದಾರ ಕಾಕಾ ಅಪ್ಪನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

“ನಿನಗ ತಬಲಜಿ ಯಾಕ ಬೇಕೋ ಶಂಕರಾ? ವೈನಿ ಅದಾರಲ್ಲ.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಆ ನಗುವನ್ನು ನಾನು ಬಲ್ಲೆ. ಅವ್ವನೂ ಬಲ್ಲಳು. ಆದರೂ ಅವಳು ನಿಲ್ಲಿಸುವಂತಿರಲಿಲ್ಲ, ತಟ್ಟೆ ಹಾಕಿಯಾಗಿತ್ತು. ಅಪ್ಪ ಪ್ಲೇಯರು ನಿಲ್ಲಿಸಿದ. ಗೆಳೆಯರು ಬದನೆಕಾಯಿ ಎಣಗಾಯಿ, ರೊಟ್ಟಿ, ಶೇಂಗಾ ಹಿಂಡಿ ಹೊಟ್ಟೆ ತುಂಬ ಉಂಡು, ವೈನಿಯ ಕೈಗುಣ ಹೊಗಳಿ, ಎಲೆ ಅಡಿಕೆ ಹಾಕಿಕೊಂಡು ಹೊರಟರು. ಬಾಗಿಲವರೆಗೆ ಕಳಿಸಿ ಬಂದ ಅಪ್ಪ ಅಗುಳಿ ಹಾಕಿದ.

ಅವ್ವ ತಟ್ಟೆ ಎತ್ತಲು ಬಗ್ಗಿದ್ದಳು. ಮೊದಲ ಒದೆ ಪಕ್ಕೆಗೆ ಬಿತ್ತು. ತಟ್ಟೆಗಳು ಕೋಣೆ ತುಂಬ ಉರುಳಿದವು. ಅವಳು ಏಳುವ ಮೊದಲೇ ಅಪ್ಪ ಕೂದಲು ಹಿಡಿದು ಅವಳ ಮುಖವನ್ನು ಸ್ಟ್ಯಾಂಡಿನ ಕಡೆ ತಿರುಗಿಸಿದ. ಗೀರು ಬಿದ್ದ ರೆಕಾರ್ಡನ್ನು ಅವಳ ಕಣ್ಣಿನ ಮುಂದೆ ಹಿಡಿದ.

“ನೋಡು. ನಿನ್ನ ರೊಟ್ಟಿಗೆ ಬೆಂಕಿ ಹಾಕ. ನಾಕ ಮಂದಿಯೊಳಗ ನನ್ನ ಮಾನ ಕಳದಿ.”

ಪ್ರತಿ ಮಾತಿಗೆ ಒಂದು ಏಟು. ಅವ್ವನ ತುಟಿ ಸೀಳಿ ರಕ್ತ ಗಲ್ಲಕ್ಕೆ ಇಳಿಯಿತು. ಅವಳು ಕೂಗಲಿಲ್ಲ, ಅವಳು ಎಂದೂ ಕೂಗುತ್ತಿರಲಿಲ್ಲ. ನನ್ನೊಳಗೆ ನಿನ್ನೆಯಿಂದ ಸಿಕ್ಕಿಕೊಂಡಿದ್ದ ಮಾತು ಆಗ ಹೊರಗೆ ಬಂತು. ನಾನು ಇಬ್ಬರ ನಡುವೆ ನುಗ್ಗಿದೆ.

“ಅವ್ವಂದು ತಪ್ಪಿಲ್ಲ ಅಪ್ಪಾ. ನೀನ ಗ್ವಾಡಿಗೆ ಬಿಗದಿ. ಅಲ್ಲಿಂದ ಬರಾಕತ್ತೈತಿ ಅದು. ನಿನ್ನ ಕೆಲಸನ ಕೆಟ್ಟೈತಿ.”

ಅಪ್ಪ ಒಂದು ಕ್ಷಣ ಗೋಡೆ ನೋಡಿದ. ಅವನಿಗೂ ಗೊತ್ತಾಯಿತು. ನನ್ನ ಮಾತು ನಿಜವೆಂದು ಅವನಿಗೆ ತಿಳಿದದ್ದನ್ನು ನಾನು ಕಣ್ಣಾರೆ ಕಂಡೆ, ಮತ್ತು ಅದಕ್ಕಾಗಿಯೇ ಆ ಏಟು ಬಂತು. ಬಲಗೈ ಪೂರ್ತಿ ಬೀಸಿ, ಅಂಗೈ ಚಪ್ಪಟೆಯಾಗಿ, ನನ್ನ ಎಡಗಿವಿಯ ಮೇಲೆ. ಒಳಗೆ ಏನೋ ಒಡೆಯಿತು. ನಾನು ಸ್ಟ್ಯಾಂಡಿಗೆ ಬಡಿದು ಕೆಳಗೆ ಬಿದ್ದೆ. ಕೋಣೆಯ ಅರ್ಧ ಭಾಗದ ಸದ್ದು ನಿಂತುಹೋಯಿತು. ಕಿವಿಯಿಂದ ಬೆಚ್ಚಗೆ ಏನೋ ಕುತ್ತಿಗೆಗೆ ಹರಿಯಿತು, ಮುಟ್ಟಿದರೆ ರಕ್ತ. ಅಪ್ಪ ನನ್ನನ್ನು ದಾಟಿಕೊಂಡು ಸ್ಟ್ಯಾಂಡಿನ ಬಳಿ ಹೋದ. ನಾನು ಬಿದ್ದ ರಭಸಕ್ಕೆ ಪ್ಲೇಯರಿಗೆ ಪೆಟ್ಟಾಯಿತೇ ಎಂದು ನೋಡುತ್ತಿದ್ದ. ಬಲಗೈಯನ್ನು ಹಲಗೆಯ ಅಂಚಿಗೆ ಊರಿ, ಬಗ್ಗಿ, ಮುಳ್ಳನ್ನು ಪರೀಕ್ಷಿಸುತ್ತಿದ್ದ.

ಅವ್ವ ನನ್ನ ಕುತ್ತಿಗೆಯನ್ನು ನೋಡಿದಳು. ಆಮೇಲೆ ಅವನು ಏನು ನೋಡುತ್ತಿದ್ದಾನೆ ಎಂಬುದನ್ನು ನೋಡಿದಳು. ಎದ್ದು ಅಡಿಗೆಮನೆಯ ಬಾಗಿಲಿಗೆ ಹೋಗಿ, ಸಂದಿಯಲ್ಲಿದ್ದ ನಾನು ಕೆಡಿಸಿದ ರಾಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಹೆಜ್ಜೆ ಜಾರಿಸಲಿಲ್ಲ, ಊರಿಕೊಂಡೇ ಬಂದಳು. ಹಲಗೆಯ ಮೇಲಿದ್ದ ಕೈಯ ಮೇಲೆ ರಾಡನ್ನು ಇಳಿಸಿದಳು. ಬೆರಳು ಮುರಿದ ಸದ್ದು ನನ್ನ ಒಂದೇ ಕಿವಿಗೆ ಕೇಳಿಸಿತು. ಅಪ್ಪ ಕೂಗಿ ಕೈ ಎಳೆದುಕೊಂಡು ಕುಸಿದ. ಅವಳು ನಿಲ್ಲಿಸಲಿಲ್ಲ. ಮೊಣಕೈ ಮೇಲೆ, ಭುಜದ ಮೇಲೆ, ಮತ್ತೆ ಕೈಯ ಮೇಲೆ. ಅವನು ಮಂಚದ ಕೆಳಗೆ ತೂರಲು ಹೋದ, ಸ್ಪೀಕರು ಅಡ್ಡ ಬಂತು. ಅವ್ವ ಬಿಡದೆ ಬಡಿದಳು, ಪ್ರತಿ ಪೆಟ್ಟಿಗೂ ತೂಕ ನೋಡಿ, ತಿರುಪಿನ ಗೆರೆ ಅವನ ಚರ್ಮದಲ್ಲಿ ಅಚ್ಚಾಗುವಂತೆ. ನನಗೆ ಖುಷಿಯಾಯಿತು. ಇದನ್ನು ಮುಚ್ಚಿಡಲಾರೆ. ನೆಲದ ಮೇಲೆ ರಕ್ತದಲ್ಲಿ ಬಿದ್ದುಕೊಂಡು ನಾನು ಅಷ್ಟು ಖುಷಿಪಟ್ಟದ್ದು ಮತ್ತೆಂದೂ ಇಲ್ಲ, ಅದರ ನಾಚಿಕೆಯೂ ಇನ್ನೂ ಹೋಗಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕಿವಿಗೆ ಅವ್ವ ಬೆಳ್ಳುಳ್ಳಿ ಎಣ್ಣೆ ಬಿಟ್ಟಳು, ಅದು ಕೀವಾಯಿತು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಈಗ ಅಮೀರ್‌ಪೇಟೆಯಲ್ಲಿ ರಸ್ತೆ ದಾಟುವಾಗ ಆಟೋ ಯಾವ ಕಡೆಯಿಂದ ಬರುತ್ತಿದೆ ಎಂದು ನನಗೆ ಗೊತ್ತಾಗುವುದಿಲ್ಲ, ಎರಡೂ ಕಡೆ ನೋಡಿ ನೋಡಿ ದಾಟುತ್ತೇನೆ. ಸ್ಟ್ಯಾಂಡು ಕೈಮೇಲೆ ಬಿತ್ತು ಎಂದು ಅಪ್ಪ ಕಾರ್ಖಾನೆಯಲ್ಲಿ ಹೇಳಿದ. ಎರಡು ಬೆರಳು ಕೊನೆಗೂ ಮಡಚಲಿಲ್ಲ, ಅವನನ್ನು ಸ್ಟೋರಿಗೆ ಹಾಕಿದರು. ಅವನ ಕೈ ನಮ್ಮ ಮೇಲೆ ಮತ್ತೆ ಏಳಲಿಲ್ಲ. ಕ್ಷಮೆ ಕೇಳಲೂ ಇಲ್ಲ. ಗೋಡೆಯ ಪಟ್ಟಿಗಳನ್ನು ನಾನೇ ಪಾನಾ ಹಿಡಿದು ಬಿಚ್ಚಿದೆ, ಸ್ಟ್ಯಾಂಡನ್ನು ಎದುರು ಗೋಡೆಯ ಹತ್ತಿರ, ಗೋಡೆಗೆ ತಾಗಿಸದೆ ನಿಲ್ಲಿಸಿದೆ. ಅದು ತೂಗುತ್ತಿತ್ತು, ಮುಳ್ಳು ಹಾರುತ್ತಿರಲಿಲ್ಲ. ಆ ಬೆರಳುಗಳಿಂದ ಮುಳ್ಳು ಇಳಿಸಲು ಅಪ್ಪನಿಗೆ ಬರುತ್ತಿರಲಿಲ್ಲವಾದ್ದರಿಂದ ಭಾನುವಾರ ನಾನೇ ಇಳಿಸಿ, ಮಂಚದ ಬಲಗಡೆ ಕೂತು ಕೇಳುತ್ತಿದ್ದೆ. ಗೋಡೆಯಾಚೆ ಅವ್ವ ಗಟ್ಟಿಯಾಗಿ ರೊಟ್ಟಿ ಬಡಿಯುತ್ತಿದ್ದಳು.

ಆದರೆ ಆ ಮಧ್ಯಾಹ್ನದ್ದು ಇನ್ನೂ ಸ್ವಲ್ಪ ಉಳಿದಿದೆ. ಅವ್ವನ ಕೈ ಸೋತು ನಿಂತಾಗ ಹೊರಗಿನ ಬಾಗಿಲು ಬಡಿದ ಸದ್ದಾಯಿತು. ಅವ್ವ ರಾಡನ್ನು ಹಿಡಿದುಕೊಂಡೇ ಹೋಗಿ ಅಗುಳಿ ತೆಗೆದಳು. ಈ ಸಲ ಒಂದು ಗೇಣಲ್ಲ, ಪೂರ್ತಿ ತೆರೆದಳು. ಸೆರಗು ಎಳೆದುಕೊಳ್ಳಲಿಲ್ಲ.

“ಏಮೈಂದಿ ವದಿನಾ?”

“ಏಂ ಲೇದು ಲಕ್ಷ್ಮಮ್ಮಗಾರೂ,” ಅವ್ವ ಏದುಸಿರು ಬಿಡುತ್ತ, ಸೀಳಿದ ತುಟಿಯಿಂದ ಹೇಳಿದಳು, “ಜೊನ್ನ ರೊಟ್ಟೆಲು ಚೇಸ್ತುನ್ನಾ.”

ಲಕ್ಷ್ಮಮ್ಮ ಅವ್ವನ ಭುಜದ ಮೇಲಿಂದ ಒಳಗೆ ನೋಡಿದಳು. ಹಲಗೆಯ ಮೇಲಿನ ರಕ್ತ ನೋಡಿದಳು, ನನ್ನನ್ನು ನೋಡಿದಳು, ಕೈಯನ್ನು ಹೊಟ್ಟೆಗೆ ಅವಚಿಕೊಂಡು ಮಂಚದ ಕಾಲಿಗೆ ಒರಗಿ ನರಳುತ್ತಿದ್ದ ಅಪ್ಪನನ್ನು ಬಹಳ ಹೊತ್ತು ನೋಡಿದಳು. ಎಷ್ಟೋ ವರ್ಷ “ಸರೇ” ಎಂದು ಹೊರಟುಹೋಗುತ್ತಿದ್ದವಳು ಅಂದು ಹೊರಡಲಿಲ್ಲ. ಒಳಗೆ ಬಂದು ನನ್ನನ್ನು ಎತ್ತಿ, ತನ್ನ ಸೆರಗಿನಿಂದ ನನ್ನ ಕಿವಿ ಒತ್ತಿ ಹಿಡಿದು ಮೈಗೆ ಒರಗಿಸಿಕೊಂಡಳು. ಹೊಸಿಲು ದಾಟುವ ಮೊದಲು ಅವ್ವನ ಕಡೆ ತಿರುಗಿದಳು.

“ರೆಂಡು ವೈಪುಲಾ ಮಂಚಿಗಾ ಕಾಲ್ಚು ವದಿನಾ,” ಎಂದಳು. ಎರಡೂ ಕಡೆ ಚೆನ್ನಾಗಿ ಬೇಯಿಸು ಅತ್ತಿಗೆ.

ಹೊರಗಿನಿಂದ ಬಾಗಿಲನ್ನು ಅವಳೇ ಎಳೆದುಕೊಂಡಳು.